ಲ್ಯಾಟಿನ್ ಧ್ಯೇಯವಾಕ್ಯ ಬೇಕೆ? ಲಂಡನ್ ಮತ್ತು ಎಡಿನ್‌ಬರೊ ಲಾಂಛನ ಕಚೇರಿಗಳ ಸೇವೆ ಹೇಗಿದೆ

ಬ್ರಿಟನ್ನಿನಲ್ಲಿ ಹೊಸದಾಗಿ ಲಾಂಛನ ಕೊಡುವ ಅಧಿಕಾರ ಇರುವುದು ಎರಡು ಕಚೇರಿಗಳಿಗೆ. ಇಂಗ್ಲೆಂಡ್, ವೇಲ್ಸ್ ಮತ್ತು ಉತ್ತರ ಐರ್ಲೆಂಡ್‌ನವರಿಗೆ ಲಂಡನ್ನಿನ ಕಾಲೇಜ್ ಆಫ್ ಆರ್ಮ್ಸ್. ಸ್ಕಾಟ್ಲೆಂಡಿನವರಿಗೆ ಎಡಿನ್‌ಬರೊದಲ್ಲಿರುವ ಲಾರ್ಡ್ ಲಯನ್ ನ್ಯಾಯಾಲಯ. ಗುರಾಣಿಯ ಮೇಲಿನ ಚಿತ್ರ, ಅದರ ಮೇಲೆ ಶಿರಸ್ತ್ರಾಣ, ಶಿರಸ್ತ್ರಾಣದ ನೆತ್ತಿಯ ಮೇಲೆ ಕ್ರೆಸ್ಟ್ ಎಂಬ ಚಿಹ್ನೆ: ಇಷ್ಟರ ಮಟ್ಟಿಗೆ ಎರಡು ಕಚೇರಿಗಳ ಕೆಲಸವೂ ಹೆಚ್ಚುಕಡಿಮೆ ಒಂದೇ ತರಹ. ಅದರ ಜೊತೆಗೆ ಗೌರವ, ಶೌರ್ಯ, ನಿಷ್ಠೆಯನ್ನು ಸಾರುವ ಒಂದು ಲ್ಯಾಟಿನ್ ಸಾಲು ಬೇಕು ಎಂದ ಕೂಡಲೇ ಇಬ್ಬರ ದಾರಿಯೂ ಬೇರೆಯಾಗುತ್ತದೆ. ಲಂಡನ್ ಆ ಸಾಲನ್ನು ನಿಮ್ಮ ಇಷ್ಟಕ್ಕೆ ಬಿಡುತ್ತದೆ. ಎಡಿನ್‌ಬರೊ ಅದನ್ನು ಲಾಂಛನ ಕೊಡುವ ಪತ್ರದೊಳಗೆ ಬರೆದು ಕಾನೂನಿನ ಬಲ ಕೊಡುತ್ತದೆ. ಧ್ಯೇಯವಾಕ್ಯವೇ ಮುಖ್ಯ ಎನ್ನುವವರಿಗೆ, ಅರ್ಹತೆ ಇದ್ದರೆ, ಎಡಿನ್‌ಬರೊ ಸ್ಪಷ್ಟವಾಗಿ ಮೇಲು. ಲಂಡನ್ನಿಗೆ ಹೋಗುವವರು ಲ್ಯಾಟಿನ್ನಿನ ಹೊಣೆಯನ್ನು ತಾವೇ ಹೊತ್ತುಕೊಂಡು ಹೋಗಬೇಕು.

ಈ ವ್ಯತ್ಯಾಸ ಏಕೆ ಎಂದು ತಿಳಿಯಲು ಮಧ್ಯಯುಗಕ್ಕೇ ಹೋಗಬೇಕು. ಆಗಿನ ನೈಟ್‌ಗಳು ಕೋರ್ಟು ಹತ್ತುತ್ತಿದ್ದದ್ದು ಗುರಾಣಿಗಾಗಿ. ನೀಲಿ ನೆಲದ ಮೇಲೆ ಚಿನ್ನದ ಓರೆಪಟ್ಟಿ ಯಾರಿಗೆ ಸೇರಿದ್ದು ಎಂದು ಸ್ಕ್ರೋಪ್ ಮತ್ತು ಗ್ರೋವ್ನರ್ ಮನೆತನಗಳು 1385ರಿಂದ 1390ರವರೆಗೆ ವ್ಯಾಜ್ಯ ನಡೆಸಿದವು. ಕವಿ ಚಾಸರ್ ಕೂಡ 1386ರಲ್ಲಿ ಬಂದು ಸಾಕ್ಷಿ ಹೇಳಿದ. ಧ್ಯೇಯವಾಕ್ಯಕ್ಕೆ ಆ ಬಗೆಯ ಆಸ್ತಿಹಕ್ಕು ಇರಲಿಲ್ಲ. ಅದು ವ್ಯಕ್ತಿಯದು, ಕೆಲವೊಮ್ಮೆ ಒಂದು ಪಂದ್ಯಾವಳಿಯದು ಮಾತ್ರ. ಇಂಗ್ಲೆಂಡಿನ ದೊರೆ ಮೂರನೇ ಎಡ್ವರ್ಡ್ ತನ್ನ ಉಡುಪಿನ ಮೇಲೆ ‘ಇಟ್ ಈಸ್ ಆಸ್ ಇಟ್ ಈಸ್’ ಎಂದು ಇಂಗ್ಲಿಷಿನಲ್ಲೇ ಕಸೂತಿ ಹಾಕಿಸಿದ್ದ. ಅವನ ಮಗ ಬ್ಲ್ಯಾಕ್ ಪ್ರಿನ್ಸ್‌ನ ಸಮಾಧಿ ಕ್ಯಾಂಟರ್ಬರಿ ಕೆಥೆಡ್ರಲ್‌ನಲ್ಲಿದೆ. ಅಲ್ಲಿ ಯುದ್ಧದ ಗುರಾಣಿಗಳ ಮೇಲೆ ‘ಹೌಮೌಟ್’ ಎಂದೂ ಶಾಂತಿಯ ಗುರಾಣಿಗಳ ಮೇಲೆ ‘ಇಷ್ ಡೀನೆ’ ಎಂದೂ ಇದೆ. ಎರಡೂ ಲ್ಯಾಟಿನ್ ಅಲ್ಲ, ಜರ್ಮನ್ ಕುಲದ ಮಾತುಗಳು. 1348ರ ಹೊತ್ತಿಗೆ ಹುಟ್ಟಿದ, ನೈಟ್‌ಗಳ ಕೂಟವಾದ ಗಾರ್ಟರ್ ಪದವಿಯ ‘ಹೊನಿ ಸ್ವಾ ಕಿ ಮಾಲ್ ಇ ಪಾಂಸ್’ ಫ್ರೆಂಚ್. ಬರ್ಗಂಡಿಯ ಡ್ಯೂಕ್ ಫಿಲಿಪ್ 1430ರಲ್ಲಿ ಗೋಲ್ಡನ್ ಫ್ಲೀಸ್ ಪದವಿ ಸ್ಥಾಪಿಸಿದಾಗ ಹಿಡಿದ ‘ಓತ್ರ್ ನೊರೆ’ ಕೂಡ ಫ್ರೆಂಚ್. ಮೂರನೇ ರಿಚರ್ಡ್‌ನ ‘ಲೋಯಾತೆ ಮೆ ಲೀ’, ಅಂದರೆ ನಿಷ್ಠೆ ನನ್ನನ್ನು ಕಟ್ಟಿದೆ, ಅದೂ ಫ್ರೆಂಚೇ. ಲ್ಯಾಟಿನ್ ಇರಲೇ ಇಲ್ಲ ಎಂದಲ್ಲ. ಹಂಗರಿಯ ದೊರೆ ಸಿಗಿಸ್ಮಂಡ್ 1408ರಲ್ಲಿ ಕಟ್ಟಿದ ಡ್ರ್ಯಾಗನ್ ಪದವಿಗೆ, ಫ್ರಾನ್ಸಿನ ಹನ್ನೊಂದನೇ ಲೂಯಿ 1469ರಲ್ಲಿ ಕಟ್ಟಿದ ಸಂತ ಮೈಕೇಲನ ಪದವಿಗೆ ಲ್ಯಾಟಿನ್ ವಾಕ್ಯಗಳಿದ್ದವು. ಆದರೆ ಪ್ರತಿ ಮನೆತನಕ್ಕೂ ಒಂದು ಲ್ಯಾಟಿನ್ ಸಾಲು ಎಂಬ ರೂಢಿ ಗಟ್ಟಿಯಾದದ್ದು ನವೋದಯದ ನಂತರ. ಹಾಗಾಗಿ ‘ಮಧ್ಯಯುಗದ ಗತ್ತು ಬೇಕು’ ಎಂದು ಲ್ಯಾಟಿನ್‌ಗೇ ಜೋತುಬೀಳುವ ಅಗತ್ಯವಿಲ್ಲ. ಹಳೆಯ ಫ್ರೆಂಚ್ ಅಷ್ಟೇ ಸಾಚಾ, ಕೆಲವೊಮ್ಮೆ ಹೆಚ್ಚು ಸಾಚಾ.

ಲಂಡನ್: ಕೈಕೆಲಸ ಅಪೂರ್ವ, ಧ್ಯೇಯವಾಕ್ಯ ನಿಮ್ಮ ಪಾಲಿಗೆ

ಕಾಲೇಜ್ ಆಫ್ ಆರ್ಮ್ಸ್ ಸಂಸ್ಥೆಗೆ ಮೊದಲ ಸನ್ನದು ಸಿಕ್ಕಿದ್ದು 1484ರಲ್ಲಿ, ಮೂರನೇ ರಿಚರ್ಡ್‌ನಿಂದ. ಈಗಿನ ಸನ್ನದು 1555ರದು. ಕ್ವೀನ್ ವಿಕ್ಟೋರಿಯಾ ಸ್ಟ್ರೀಟ್‌ನಲ್ಲಿ ಸೇಂಟ್ ಪಾಲ್ಸ್ ಕೆಥೆಡ್ರಲ್‌ನ ಹತ್ತಿರವೇ ಕಟ್ಟಡವಿದೆ. 1666ರ ಮಹಾ ಬೆಂಕಿಯಲ್ಲಿ ಹಳೆಯ ಕಟ್ಟಡ ಸುಟ್ಟಿತು, ದಾಖಲೆಗಳು ಉಳಿದವು. ಈಗ ಕಾಣುವುದು 1670ರ ದಶಕದಲ್ಲಿ ಎದ್ದದ್ದು. ಇಲ್ಲಿ ಲಾಂಛನಾಧಿಕಾರಿಗಳಾಗಿ, ಮೇಲಿನ ದರ್ಜೆಯಿಂದ ಕೆಳಕ್ಕೆ, ಮೂವರು ಕಿಂಗ್ಸ್ ಆಫ್ ಆರ್ಮ್ಸ್, ಆರು ಹೆರಾಲ್ಡ್‌ಗಳು, ನಾಲ್ವರು ಪರ್ಸಿವಂಟ್‌ಗಳು ಇದ್ದಾರೆ. ಸೋಮವಾರದಿಂದ ಶುಕ್ರವಾರದವರೆಗೆ ಸರದಿಯ ಮೇಲೆ ಒಬ್ಬ ಅಧಿಕಾರಿ ವಿಚಾರಣೆಗೆ ಸಿಗುತ್ತಾರೆ.

ಮೊದಲು ತಿಳಿಯಬೇಕಾದದ್ದು ಇಲ್ಲಿನ ಸಂಬಳದ ಲೆಕ್ಕ. ಇವರು ರಾಜಮನೆತನದ ಅಧಿಕಾರಿಗಳು, ಆದರೆ ರಾಜ್ಯದಿಂದ ಬರುವ ವಾರ್ಷಿಕ ಸಂಬಳ, ಕಿಂಗ್ಸ್ ಆಫ್ ಆರ್ಮ್ಸ್ ಮೂವರಲ್ಲಿ ಹಿರಿಯರಾದ ಗಾರ್ಟರ್‌ಗೆ 49.07 ಪೌಂಡ್, ಒಬ್ಬ ಹೆರಾಲ್ಡ್‌ಗೆ 17.80 ಪೌಂಡ್, ಪರ್ಸಿವಂಟ್‌ಗೆ 13.95 ಪೌಂಡ್. ಹಳೆಯ ಕಾಲದ ಅಂಕಿ ಹಾಗೆಯೇ ಉಳಿದುಬಂದಿದೆ. ಅವರ ನಿಜವಾದ ಜೀವನೋಪಾಯ ನಿಮ್ಮಂಥ ಅರ್ಜಿದಾರರ ಶುಲ್ಕ. ವಕೀಲರ ಬಳಿ ಹೋದ ಹಾಗೆ, ನೀವು ಯಾವ ಹೆರಾಲ್ಡ್‌ನ ಬಳಿ ಕೆಲಸ ಒಪ್ಪಿಸುತ್ತೀರೋ ಅವರೇ ಕೊನೆಯವರೆಗೂ ನಿಮ್ಮ ಪರ ನಿಲ್ಲುವವರು. ಸರದಿಯಲ್ಲಿ ಸಿಕ್ಕವರನ್ನೇ ಹಿಡಿಯಬೇಕೆಂಬ ನಿಯಮವಿಲ್ಲ. ಲ್ಯಾಟಿನ್ ಬಲ್ಲವರು, ಅಕ್ಷರವಿನ್ಯಾಸದ ಬಗ್ಗೆ ಕಾಳಜಿ ಇರುವವರು ಯಾರು ಎಂದು ವಿಚಾರಿಸಿ ಹೆಸರು ಹೇಳಿ ಕೇಳುವುದು ಜಾಣತನ. ಇಡೀ ಸೇವೆಯ ಗುಣಮಟ್ಟ ಈ ಒಂದು ಆಯ್ಕೆಯ ಮೇಲೆ ನಿಂತಿದೆ ಎಂದರೂ ತಪ್ಪಿಲ್ಲ.

ಕ್ರಮ ಹೀಗೆ. ನಿಮ್ಮ ವಿದ್ಯೆ, ವೃತ್ತಿ, ಸಾರ್ವಜನಿಕ ಸೇವೆ, ಪ್ರಶಸ್ತಿಗಳ ವಿವರವನ್ನು ಹೆರಾಲ್ಡ್‌ಗೆ ಕೊಡಬೇಕು. ಇಷ್ಟೇ ಅರ್ಹತೆ ಬೇಕೆಂಬ ಕಟ್ಟುನಿಟ್ಟಿನ ಪಟ್ಟಿ ಇಲ್ಲ. ಒಪ್ಪಿಗೆ ಸಿಗುವಂತಿದ್ದರೆ ಅರ್ಲ್ ಮಾರ್ಷಲ್‌ಗೆ ಔಪಚಾರಿಕ ಮನವಿ ಹೋಗುತ್ತದೆ. ಆ ಸ್ಥಾನ ವಂಶಪಾರಂಪರ್ಯವಾಗಿ ನಾರ್ಫೋಕ್ ಡ್ಯೂಕ್‌ಗಳದು. ಅವರು ಆಜ್ಞಾಪತ್ರ ಕೊಟ್ಟ ಮೇಲೆ ವಿನ್ಯಾಸದ ಮಾತು. ಹೆರಾಲ್ಡ್ ಕರಡು ಚಿತ್ರ ಬರೆಸುತ್ತಾರೆ. ಹಿಂದೆ ಯಾರಿಗೂ ಇದೇ ಚಿತ್ರ ಕೊಟ್ಟಿಲ್ಲ ಎಂದು ದಾಖಲೆಗಳಲ್ಲಿ ನೋಡುತ್ತಾರೆ. ಕಿಂಗ್ಸ್ ಆಫ್ ಆರ್ಮ್ಸ್ ಒಪ್ಪುತ್ತಾರೆ. ನಂತರ ಹದಮಾಡಿದ ಕರುವಿನ ಚರ್ಮದ ಮೇಲೆ ಕಲಾವಿದರು ಲಾಂಛನ ಬಿಡಿಸುತ್ತಾರೆ, ಲಿಪಿಕಾರರು ಪಠ್ಯವನ್ನು ಕೈಯಲ್ಲೇ ಬರೆಯುತ್ತಾರೆ, ಸಹಿ ಮೊಹರು ಬೀಳುತ್ತದೆ, ಕಚೇರಿಯ ದಾಖಲೆ ಪುಸ್ತಕಕ್ಕೆ ಒಂದು ಪ್ರತಿ ಸೇರುತ್ತದೆ. ತಿಂಗಳುಗಟ್ಟಲೆ ಹಿಡಿಯುವ ಕೆಲಸ. ಶುಲ್ಕ ಹಲವು ಸಾವಿರ ಪೌಂಡ್. ವ್ಯಕ್ತಿಗೆ ಒಂದು ದರ, ಲಾಭರಹಿತ ಸಂಸ್ಥೆಗೆ ಅದಕ್ಕಿಂತ ಹೆಚ್ಚು, ವ್ಯಾಪಾರಿ ಕಂಪನಿಗೆ ಇನ್ನೂ ಹೆಚ್ಚು. ಕೈಗೆ ಬರುವ ಪತ್ರದ ಅಂದಕ್ಕೆ ಮಾತ್ರ ಎರಡು ಮಾತಿಲ್ಲ. ಚಿನ್ನದ ಲೇಪ, ಬಣ್ಣದ ಹದ, ಅಕ್ಷರಗಳ ಸಾಲುಗಟ್ಟು, ಇವೆಲ್ಲ ಯಂತ್ರಕ್ಕೆ ದಕ್ಕದ ಕೆಲಸ.

ಈಗ ಧ್ಯೇಯವಾಕ್ಯಕ್ಕೆ ಬನ್ನಿ. ಪತ್ರದ ಅಂಚಿನ ಚಿತ್ರದಲ್ಲಿ, ಗುರಾಣಿಯ ಕೆಳಗೆ, ಸುರುಳಿಪಟ್ಟಿಯೊಳಗೆ ಅದು ಕಾಣುತ್ತದೆ. ಆದರೆ ಲಾಂಛನವನ್ನು ಮಾತಿನಲ್ಲಿ ವರ್ಣಿಸುವ ಪಠ್ಯದಲ್ಲಿ ಸಾಮಾನ್ಯವಾಗಿ ಅದರ ಸುದ್ದಿ ಇರುವುದಿಲ್ಲ. ಪರಿಣಾಮ ಮೂರು ಬಗೆ. ಬೇಕೆಂದಾಗ ಯಾರನ್ನೂ ಕೇಳದೆ ವಾಕ್ಯ ಬದಲಿಸಬಹುದು. ಅದೇ ವಾಕ್ಯವನ್ನು ಇನ್ನೊಬ್ಬರು ಹಾಕಿಕೊಂಡರೆ ತಡೆಯುವ ಹಕ್ಕು ನಿಮಗಿಲ್ಲ. ಗುರಾಣಿಯಂತೆ ಅದು ಮಕ್ಕಳಿಗೆ ಹಕ್ಕಾಗಿ ಇಳಿಯುವುದಿಲ್ಲ, ರೂಢಿಯಿಂದ ಮುಂದುವರಿಯುತ್ತದೆ ಅಷ್ಟೆ. ಗುರಾಣಿಯನ್ನೇ ಯಾರಾದರೂ ಕದ್ದರೂ ದಾರಿ ಸುಲಭವಲ್ಲ: ಲಾಂಛನದ ವ್ಯಾಜ್ಯ ಕೇಳುವ ಇಂಗ್ಲೆಂಡಿನ ಕೋರ್ಟ್ ಆಫ್ ಶಿವಲ್ರಿ ಎರಡು ಶತಮಾನಗಳ ಮೌನದ ನಂತರ 1954ರಲ್ಲಿ ಒಮ್ಮೆ ಕೂತಿತು, ಮ್ಯಾಂಚೆಸ್ಟರ್ ನಗರಸಭೆ ತನ್ನ ಲಾಂಛನ ಬಳಸಿದ ನಾಟಕಶಾಲೆಯ ಮೇಲೆ ಹೂಡಿದ ದಾವೆಗಾಗಿ. ಆಮೇಲೆ ಕೂತಿಲ್ಲ. ‘ನಮ್ಮ ಮನೆತನದ ಸಾಲು ನಮಗೇ ಮೀಸಲಾಗಬೇಕು’ ಎಂಬ ಆಸೆ ಇರುವವರಿಗೆ ಲಂಡನ್ನಿನ ಸೇವೆ ನಿರಾಶೆ ತರುತ್ತದೆ. ಮೀಸಲಾತಿ ಬೇಡ, ಕಾಲಕ್ಕೆ ತಕ್ಕಂತೆ ಬದಲಿಸುವ ಸ್ವಾತಂತ್ರ್ಯ ಬೇಕು ಎನ್ನುವವರಿಗೆ ಇದೇ ಸರಿ. ಮಧ್ಯಯುಗದ ನಡವಳಿಕೆಗೂ ಇದೇ ಹತ್ತಿರ.

ಎಡಿನ್‌ಬರೊ: ಬರೆದದ್ದು ಬರೆದಂತೆ

ಲಾರ್ಡ್ ಲಯನ್ ನ್ಯಾಯಾಲಯ ನ್ಯೂ ರಿಜಿಸ್ಟರ್ ಹೌಸ್‌ನಲ್ಲಿದೆ. ಹೆಸರಿಗೆ ಮಾತ್ರ ನ್ಯಾಯಾಲಯವಲ್ಲ. ಲಾರ್ಡ್ ಲಯನ್ ನ್ಯಾಯಾಧೀಶರು, ಅವರ ಕೋರ್ಟಿಗೆ ಸ್ವಂತ ಸರಕಾರಿ ಅಭಿಯೋಜಕರಿದ್ದಾರೆ. 1672ರ ಶಾಸನದಿಂದ ನಡೆದುಬಂದ ಸಾರ್ವಜನಿಕ ದಾಖಲೆ ಪುಸ್ತಕದಲ್ಲಿ ಹೆಸರಿಲ್ಲದೆ ಸ್ಕಾಟ್ಲೆಂಡಿನಲ್ಲಿ ಲಾಂಛನ ಬಳಸುವುದು ಅಪರಾಧ. ಹೊಸ ಲಾಂಛನ ಯಾರಿಗೆ ಕೊಡಬಹುದು ಎಂಬುದಕ್ಕೆ ಆ ಶಾಸನ ಹೇಳುವುದು ಸದ್ಗುಣಿಗಳು, ಯೋಗ್ಯರು ಎಂದಷ್ಟೇ. ಸ್ಕಾಟ್ಲೆಂಡಿನಲ್ಲಿ ನೆಲೆಸಿದವರು ನೇರವಾಗಿ ಅರ್ಜಿ ಹಾಕಬಹುದು. ಹೊರದೇಶದಲ್ಲಿರುವ ಸ್ಕಾಟಿಷ್ ಮೂಲದವರು ತೀರಿಹೋದ ಪೂರ್ವಜರ ಹೆಸರಿನಲ್ಲಿ ಲಾಂಛನ ಪಡೆದು ಆ ದಾರಿಯಿಂದ ಬರುವುದುಂಟು. ವಂಶದ ಸಂಬಂಧ ತೋರಿಸಲು ಜನನ, ವಿವಾಹದ ದಾಖಲೆಗಳು ಒಂದರ ಹಿಂದೊಂದು ಕೊಂಡಿ ತಪ್ಪದಂತೆ ಬೇಕು. ಅರ್ಜಿಗಳು ಸಿಕ್ಕಿಕೊಳ್ಳುವುದು ಹೆಚ್ಚಾಗಿ ಇಲ್ಲೇ: ಮಧ್ಯದ ಒಂದು ತಲೆಮಾರಿನ ಪತ್ರ ಇರುವುದಿಲ್ಲ, ಅಥವಾ ಎರಡು ಪತ್ರಗಳಲ್ಲಿ ಹೆಸರಿನ ಕಾಗುಣಿತ ಬೇರೆ ಇರುತ್ತದೆ. ಅರ್ಜಿಗೆ ಮೊದಲೇ ಇದನ್ನು ಸರಿಪಡಿಸಿಕೊಳ್ಳಬೇಕು.

ಶುಲ್ಕದ ಪಟ್ಟಿ ಲಂಡನ್ನಿಗಿಂತ ಹಗುರ, ಶಾಸನದಲ್ಲೇ ನಿಗದಿಯಾದದ್ದು, ಹಣ ಸರಕಾರದ ಖಜಾನೆಗೆ ಹೋಗುತ್ತದೆ. ಪಟ್ಟಿಯಲ್ಲಿ ಗುರಾಣಿ ಮಾತ್ರಕ್ಕೆ ಒಂದು ದರ, ಗುರಾಣಿ ಮತ್ತು ಕ್ರೆಸ್ಟ್ ಎರಡಕ್ಕೂ ಇನ್ನೊಂದು ದರ; ಎರಡರಲ್ಲೂ ‘ಧ್ಯೇಯವಾಕ್ಯ ಇದ್ದರೂ ಸರಿ, ಇಲ್ಲದಿದ್ದರೂ ಸರಿ’ ಎಂದಿರುತ್ತದೆ. ಅಂದರೆ ವಾಕ್ಯಕ್ಕೆ ಪ್ರತ್ಯೇಕ ಕಾಸಿಲ್ಲ. ಕ್ರೆಸ್ಟ್ ಬೇಡ, ಗುರಾಣಿ ಮತ್ತು ಒಂದು ಒಳ್ಳೆಯ ಸಾಲು ಸಾಕು ಎನ್ನುವವರಿಗೆ ಇಡೀ ಬ್ರಿಟನ್ನಿನಲ್ಲೇ ಇದಕ್ಕಿಂತ ಮಿತವ್ಯಯದ ಅಧಿಕೃತ ದಾರಿ ಇಲ್ಲ. ಮೊದಲ ಲಾಂಛನಗಳು ಬರೀ ಗುರಾಣಿಗಳೇ ಆಗಿದ್ದವು ಎಂಬುದನ್ನು ನೆನೆದರೆ ಈ ಸರಳ ರೂಪಕ್ಕೆ ಒಂದು ಘನತೆಯೂ ಇದೆ.

ಪತ್ರದಲ್ಲಿ ಕ್ರೆಸ್ಟ್‌ನ ವರ್ಣನೆ ಮುಗಿದ ಕೂಡಲೇ ‘ಅದರ ಮೇಲಿನ ಸುರುಳಿಪಟ್ಟಿಯಲ್ಲಿ ಈ ಧ್ಯೇಯವಾಕ್ಯ’ ಎಂಬ ಮಾತು ಬಂದು, ಪದಗಳು ಅಕ್ಷರಕ್ಕೆ ಅಕ್ಷರ ಬರುತ್ತವೆ. ವಾಕ್ಯ ಲಾಂಛನದ ಅಂಗವಾಗುವುದು ಈ ಒಂದು ಸಾಲಿನಿಂದ. ಸ್ಕಾಟ್ಲೆಂಡಿನಲ್ಲಿ ವಾಕ್ಯದ ಸ್ಥಾನ ಗುರಾಣಿಯ ಕೆಳಗಲ್ಲ, ಕ್ರೆಸ್ಟ್‌ನ ಮೇಲೆ. ಒಬ್ಬನೇ ದೊರೆಯ ಲಾಂಛನದಲ್ಲೂ ಈ ಭೇದ ಕಾಣುತ್ತದೆ: ಇಂಗ್ಲೆಂಡಿನಲ್ಲಿ ಬಳಸುವ ರೂಪದಲ್ಲಿ ‘ದ್ಯೂ ಎ ಮೋಂ ದ್ರ್ವಾ’ ಗುರಾಣಿಯ ಅಡಿಯಲ್ಲಿದೆ, ಸ್ಕಾಟ್ಲೆಂಡಿನ ರೂಪದಲ್ಲಿ ‘ಇನ್ ಡಿಫೆನ್ಸ್’ ಕ್ರೆಸ್ಟ್‌ನ ಮೇಲಿದೆ, ‘ನೆಮೊ ಮೆ ಇಂಪುನೆ ಲಾಸೆಸಿಟ್’ ಬೇರೆ ಇದೆ. ನನ್ನನ್ನು ಕೆಣಕಿ ಯಾರೂ ದಂಡ ತಪ್ಪಿಸಿಕೊಳ್ಳರು ಎಂಬ ಈ ಸಾಲು ಸ್ಕಾಟ್ಲೆಂಡಿನ ನೈಟ್‌ಗಳ ಥಿಸಲ್ ಪದವಿಯದೂ ಹೌದು.

ಕಾನೂನಿನ ಹಿಡಿತ ಎಷ್ಟು ಗಟ್ಟಿ ಎಂಬುದಕ್ಕೆ ಡೊನಾಲ್ಡ್ ಟ್ರಂಪ್ ಗಾಲ್ಫ್ ಕ್ಲಬ್ಬಿನ ಪ್ರಕರಣ ಸಾಕು. ಅಮೆರಿಕದಲ್ಲಿ ಅವರ ಕ್ಲಬ್ಬುಗಳು ಬಳಸುತ್ತಿದ್ದ ಲಾಂಛನ 1939ರಲ್ಲಿ ಜೋಸೆಫ್ ಡೇವಿಸ್ ಎಂಬ ರಾಜತಾಂತ್ರಿಕನಿಗೆ ಬ್ರಿಟಿಷ್ ಲಾಂಛನಾಧಿಕಾರಿಗಳು ಕೊಟ್ಟದ್ದು. ಅದರ ‘ಇಂಟೆಗ್ರಿಟಾಸ್’ ಎಂಬ ಧ್ಯೇಯಪದದ ಜಾಗದಲ್ಲಿ ‘ಟ್ರಂಪ್’ ಎಂದು ಬಂದಿತ್ತು. ಅಮೆರಿಕದಲ್ಲಿ ಅದನ್ನು ತಡೆಯುವ ಕಾನೂನಿಲ್ಲ. ಸ್ಕಾಟ್ಲೆಂಡಿಗೆ ಬಂದಾಗ ಲಯನ್ ಕಚೇರಿಯ ಆಕ್ಷೇಪ ಎದುರಾಯಿತು. ಕೊನೆಗೆ 2012ರಲ್ಲಿ ಸ್ಕಾಟಿಷ್ ಕ್ಲಬ್ಬಿಗೆ ಬೇರೆಯೇ ಲಾಂಛನ ಸಿಕ್ಕಿತು, ‘ನುಂಕ್ವಾಮ್ ಕೊನ್ಸೆಡೆರೆ’ ಎಂಬ ಹೊಸ ಧ್ಯೇಯವಾಕ್ಯದೊಡನೆ: ಎಂದಿಗೂ ಬಿಟ್ಟುಕೊಡದಿರುವುದು.

ಎಡಿನ್‌ಬರೊ ಸೇವೆಯ ಬಿಗಿಯೇ ಅದರ ತೊಡಕೂ ಹೌದು. ವಾಕ್ಯ ಬದಲಿಸಬೇಕೆಂದರೆ ಮತ್ತೆ ಅರ್ಜಿ, ಮತ್ತೆ ಶುಲ್ಕ, ಮರುದಾಖಲೆ. ಲ್ಯಾಟಿನ್‌ನ ಒಂದು ಅಕ್ಷರ ತಪ್ಪಿ ದಾಖಲಾಗಿಬಿಟ್ಟರೆ ಅದು ಅಧಿಕೃತವಾದ ತಪ್ಪು. ಹಾಗಾಗಿ ಅಂತಿಮ ಕರಡು ಬಂದಾಗ ಚಿತ್ರಕ್ಕಿಂತ ಮೊದಲು ಆ ಪಟ್ಟಿಯ ಅಕ್ಷರಗಳನ್ನು ಬಲದಿಂದ ಎಡಕ್ಕೆ ಒಂದೊಂದಾಗಿ ಓದಿ. ಎಡದಿಂದ ಬಲಕ್ಕೆ ಓದಿದರೆ ಕಣ್ಣು ತಾನೇ ತಿದ್ದಿಕೊಂಡು ಮುಂದೆ ಹೋಗುತ್ತದೆ.

ಸ್ಕಾಟಿಷ್ ಪದ್ಧತಿಯಲ್ಲಿ ಒಂದು ಸೊಗಸಿದೆ, ಅದು ಇಂಗ್ಲೆಂಡಿನಲ್ಲಿ ಇಷ್ಟು ಚೆನ್ನಾಗಿ ಬೆಳೆದಿಲ್ಲ. ಕುಲದ ಮುಖ್ಯಸ್ಥನ ವಾಕ್ಯಕ್ಕೆ ಕಿರಿಯ ಶಾಖೆಯ ವಾಕ್ಯ ಓಗೊಡುತ್ತದೆ. ಆರ್ಗೈಲ್‌ನ ಕ್ಯಾಂಪ್‌ಬೆಲ್ ಮುಖ್ಯಸ್ಥರ ವಾಕ್ಯ ‘ನೆ ಒಬ್ಲಿವಿಸ್ಕಾರಿಸ್’, ಮರೆಯಬೇಡ. ಕಾಡರ್‌ನ ಕ್ಯಾಂಪ್‌ಬೆಲ್‌ರ ಸಾಲು ಇಂಗ್ಲಿಷಿನಲ್ಲಿ ‘ಬಿ ಮೈಂಡ್‌ಫುಲ್’, ನೆನಪಿರಲಿ. ಗಾರ್ಡನ್ ಕುಲದಲ್ಲಿ ‘ಬೈಡಂಡ್’, ಅಂದರೆ ನೆಲೆನಿಂತವನು. ನಿಮ್ಮ ಮನೆತನದ ಮುಖ್ಯ ಶಾಖೆಗೆ ಆಗಲೇ ಒಂದು ವಾಕ್ಯ ಇದ್ದರೆ ಅದನ್ನೇ ನಕಲು ಮಾಡುವ ಬದಲು ಅದಕ್ಕೆ ಉತ್ತರವಾಗುವ ಸಾಲನ್ನು ಹುಡುಕಿ. ಸ್ವಂತ ಲಾಂಛನದ ಖರ್ಚೇ ಬೇಡ ಎನ್ನುವ ಕುಲದವರಿಗೆ ಬಕ್ಕಲ್ ಇರುವ ಪಟ್ಟಿಯೊಳಗೆ ಮುಖ್ಯಸ್ಥನ ಕ್ರೆಸ್ಟ್ ಮತ್ತು ಧ್ಯೇಯವಾಕ್ಯ ಇರುವ ಬ್ಯಾಡ್ಜ್ ಇದೆ. ಟೋಪಿಗೆ ಸಿಕ್ಕಿಸಿಕೊಳ್ಳಬಹುದು, ಅದು ಮುಖ್ಯಸ್ಥನ ಸ್ವತ್ತು, ಧರಿಸುವವರದು ನಿಷ್ಠೆಯ ಗುರುತು ಮಾತ್ರ.

ಲ್ಯಾಟಿನ್ ಎಲ್ಲಿ ಕೆಡುತ್ತದೆ

ಯಾವ ಕಚೇರಿಗೆ ಹೋದರೂ ಸಾಲನ್ನು ಮೊದಲು ತರುವವರು ಅರ್ಜಿದಾರರೇ. ಅನುವಾದ ತಂತ್ರಾಂಶದಲ್ಲಿ ಇಂಗ್ಲಿಷ್ ಮಾತು ಹಾಕಿ, ಬಂದದ್ದನ್ನು ತರುವವರ ಸಾಲುಗಳಲ್ಲಿ ಒಂದೇ ಬಗೆಯ ತಪ್ಪು ಮತ್ತೆ ಮತ್ತೆ ಇರುತ್ತದೆ: ವಿಭಕ್ತಿ. ಕನ್ನಡಿಗರಿಗೆ ಇದನ್ನು ವಿವರಿಸುವುದು ಸುಲಭ. ಗೌರವ, ಗೌರವವನ್ನು, ಗೌರವಕ್ಕೆ, ಗೌರವದ ಎಂದು ನಾವು ಹೇಗೆ ಕೊನೆ ಬದಲಿಸುತ್ತೇವೋ ಲ್ಯಾಟಿನ್ ಕೂಡ ಹಾಗೆಯೇ ಹೊನೊರ್, ಹೊನೊರೆಮ್, ಹೊನೊರಿ, ಹೊನೊರಿಸ್ ಎಂದು ಬದಲಿಸುತ್ತದೆ. ‘ಇಂದ’, ‘ದಲ್ಲಿ’ ಮುಂತಾದ ಅರ್ಥಗಳಿಗೆಲ್ಲ ಹೊನೊರೆ ಎಂಬ ರೂಪ. ‘ಪ್ರೊ’ ಎಂಬ ಅವ್ಯಯ ಬಂದರೆ ಮುಂದೆ ಹೊನೊರೆ ಬರಬೇಕು, ‘ಆಡ್’ ಬಂದರೆ ಹೊನೊರೆಮ್. ‘ಪ್ರೊ ಹೊನೊರ್’ ಎಂದು ಕೆತ್ತಿಸಿದರೆ ‘ಗೌರವ ಗೋಸ್ಕರ’ ಎಂದು ಕಲ್ಲಿನ ಮೇಲೆ ಕೆತ್ತಿಸಿದ ಹಾಗೆ. ಅರ್ಥವಾಗುತ್ತದೆ, ಬಲ್ಲವರಿಗೆ ಕಸಿವಿಸಿಯಾಗುತ್ತದೆ.

ಸಾಚಾ ಉದಾಹರಣೆಯೊಂದನ್ನು ಬಿಡಿಸಿ ನೋಡಿ. ಅರ್ಲ್ ಫೆರರ್ಸ್ ಮನೆತನದ ವಾಕ್ಯ ‘ಹೊನೊರ್ ವಿರ್ಟುಟಿಸ್ ಪ್ರೆಮಿಯುಮ್’. ಹೊನೊರ್ ಪ್ರಥಮಾ, ವಿರ್ಟುಟಿಸ್ ಷಷ್ಠಿ, ಪ್ರೆಮಿಯುಮ್ ಮತ್ತೆ ಪ್ರಥಮಾ: ಗೌರವವೇ ಸದ್ಗುಣದ ಬಹುಮಾನ. ಕ್ರಿಯಾಪದ ಇಲ್ಲ, ಕನ್ನಡದಲ್ಲೂ ಬೇಕಾಗಿಲ್ಲ. ಸ್ಕಾಟ್ಲೆಂಡಿನ ರಾಬರ್ಟ್‌ಸನ್ ಕುಲದ ‘ವಿರ್ಟುಟಿಸ್ ಗ್ಲೋರಿಯಾ ಮೆರ್ಸೆಸ್’ ಕೂಡ, ಪದಗಳ ಕ್ರಮ ಬೇರೆಯಾದರೂ, ಇದೇ ಅಚ್ಚಿನದು: ಪರಾಕ್ರಮಕ್ಕೆ ಕೀರ್ತಿಯೇ ಪ್ರತಿಫಲ. ಪ್ರಥಮಾ, ಷಷ್ಠಿ, ಪ್ರಥಮಾ ಎಂಬ ಈ ಮೂರು ಪದದ ಕಟ್ಟು ಹೊಸಬರಿಗೆ ಅತ್ಯಂತ ಸುರಕ್ಷಿತ. ಕ್ರಿಯಾಪದ ಇಲ್ಲದ್ದರಿಂದ ಕಾಲ, ಪುರುಷ, ವಚನದ ತಪ್ಪಿಗೆ ಎಡೆಯೇ ಇಲ್ಲ.

ಎರಡನೇ ತಪ್ಪು ಲಿಂಗ ಮತ್ತು ವಚನದ್ದು. ‘ಸೆಂಪೆರ್ ಪರಾಟುಸ್’, ಸದಾ ಸಿದ್ಧ, ಎಂಬುದು ಒಬ್ಬ ಗಂಡಸಿನ ಮಾತು. ಅರ್ಜಿದಾರರು ಹೆಂಗಸಾದರೆ ‘ಪರಾಟಾ’, ಸಂಸ್ಥೆಯ ಸದಸ್ಯರೆಲ್ಲರ ಮಾತಾದರೆ ‘ಪರಾಟಿ’. ‘ಸೆಂಪೆರ್ ಫಿಡೆಲಿಸ್’, ಸದಾ ನಿಷ್ಠ, ಎಂಬುದು ಗಂಡಿಗೂ ಹೆಣ್ಣಿಗೂ ಒಂದೇ. ಬಹುವಚನಕ್ಕೆ ಮಾತ್ರ ‘ಫಿಡೆಲೆಸ್’. ಮನೆತನದ ಮಗಳು ಮುಂದೆ ಅದೇ ವಾಕ್ಯ ಬಳಸುವಂತಿದ್ದರೆ ಮೊದಲೇ ಲಿಂಗಭೇದವಿಲ್ಲದ ಪದ ಆರಿಸುವುದು ಮೇಲು. ಎಡಿನ್‌ಬರೊದಲ್ಲಂತೂ ಇದು ಕಡ್ಡಾಯ ಎಂದೇ ತಿಳಿಯಿರಿ, ಆಮೇಲೆ ತಿದ್ದಲು ಮತ್ತೆ ಅರ್ಜಿಯೇ ಗತಿ.

ಮೂರನೆಯದು ನಿಷೇಧ. ‘ಬಗ್ಗಬೇಡ’, ‘ಹೆದರಬೇಡ’ ಎಂಬ ಮಾತಿಗೆ ಲ್ಯಾಟಿನ್‌ನಲ್ಲಿ ‘ಬೇಡ’ ಎಂಬುದನ್ನು ಬೇರೆ ರೀತಿ ಕಟ್ಟಬೇಕು. ‘ನೊಲಿ’ ಎಂದು ಹೇಳಿ ಕ್ರಿಯೆಯ ಮೂಲರೂಪ ಇಡುವುದು ಒಂದು ದಾರಿ. ಕ್ಯಾಂಪ್‌ಬೆಲ್‌ರ ಸಾಲಿನಂತೆ ‘ನೆ’ ಇಟ್ಟು ಕ್ರಿಯಾಪದವನ್ನು ಸಂಭಾವನಾ ರೂಪದಲ್ಲಿ ತರುವುದು ಇನ್ನೊಂದು. ‘ನಾನ್’ ಎಂದು ಆಜ್ಞಾರೂಪದ ಮುಂದೆ ಅಂಟಿಸುವುದು ತಪ್ಪು, ಯಂತ್ರಾನುವಾದದಲ್ಲಿ ಅದೇ ಹೆಚ್ಚು.

ಹೆಸರಿನ ಮೇಲೆ ಶ್ಲೇಷೆ ಹೂಡುವ ಹಳೆಯ ಚಾಳಿ ಇಂದಿಗೂ ಬಲು ಚೆಂದ. ನೆವಿಲ್ ಮನೆತನದ್ದು ‘ನೆ ವಿಲೆ ವೆಲಿಸ್’, ನೀಚವಾದದ್ದನ್ನು ಬಯಸಬೇಡ. ಆನ್ಸ್ಲೊ ಮನೆತನದ್ದು ‘ಫೆಸ್ಟಿನಾ ಲೆಂಟೆ’, ನಿಧಾನವಾಗಿ ಅವಸರಿಸು. ಹೆಸರನ್ನು ಒಡೆದು ಓದಿದರೆ ಇಂಗ್ಲಿಷಿನಲ್ಲಿ ‘ನಿಧಾನವಾಗಿ ಮುಂದಕ್ಕೆ’. ವರ್ನನ್‌ರ ‘ವೆರ್ ನಾನ್ ಸೆಂಪೆರ್ ವಿರೆಟ್’ ಎಲ್ಲಕ್ಕಿಂತ ಜಾಣ: ವಸಂತ ಸದಾ ಹಸಿರಲ್ಲ ಎಂದು ಒಂದರ್ಥ, ಮೊದಲೆರಡು ಪದ ಕೂಡಿಸಿದರೆ ವರ್ನನ್ ಸದಾ ಹಸಿರು. ಫೋರ್ಟೆಸ್ಕ್ಯೂ ಮನೆತನದ ‘ಫೋರ್ಟೆ ಸ್ಕೂಟುಮ್ ಸಾಲುಸ್ ಡುಕುಮ್’ನಲ್ಲಿ ಮೊದಲೆರಡು ಪದವೇ ಹೆಸರು, ಅರ್ಥ ಗಟ್ಟಿ ಗುರಾಣಿಯೇ ನಾಯಕರ ರಕ್ಷೆ. ಇಂಥದ್ದು ಹೊಳೆದರೆ ಬಿಡಬೇಡಿ. ಗೌರವದ ಮೇಲಿನ ಸಾವಿರ ಸಾಮಾನ್ಯ ಸಾಲುಗಳ ನಡುವೆ ನಿಮ್ಮದು ನಿಮ್ಮದೇ ಎಂದು ಗುರುತಾಗುವುದು ಇದರಿಂದಲೇ, ಕಾನೂನಿನ ರಕ್ಷಣೆ ಇಲ್ಲದ ಲಂಡನ್ನಿನಲ್ಲಿ ಇದೇ ನಿಜವಾದ ಮೀಸಲಾತಿ.

ಪಟ್ಟಿ, ಅಕ್ಷರ, ಉಂಗುರ

ವಾಕ್ಯದ ಉದ್ದವನ್ನು ಪದಗಳಲ್ಲಿ ಎಣಿಸಬೇಡಿ, ರೋಮನ್ ಅಕ್ಷರಗಳಲ್ಲಿ ಎಣಿಸಿ. ‘ನೆ ಒಬ್ಲಿವಿಸ್ಕಾರಿಸ್’ 14 ಅಕ್ಷರ, ‘ನೆಮೊ ಮೆ ಇಂಪುನೆ ಲಾಸೆಸಿಟ್’ 20, ‘ಹೊನೊರ್ ವಿರ್ಟುಟಿಸ್ ಪ್ರೆಮಿಯುಮ್’ 21. ಇಷ್ಟರವರೆಗೆ ಪಟ್ಟಿ ಆರಾಮಾಗಿ ಹಿಡಿಯುತ್ತದೆ. ಸಿಗಿಸ್ಮಂಡ್‌ನ ಡ್ರ್ಯಾಗನ್ ಪದವಿಯ ‘ಓ ಕ್ವಾಮ್ ಮಿಸೆರಿಕೊರ್ಸ್ ಎಸ್ಟ್ ಡೆಉಸ್, ಜುಸ್ಟುಸ್ ಎಟ್ ಪಿಉಸ್’ 34 ಅಕ್ಷರ. ಅಷ್ಟು ಉದ್ದದ್ದು ಪಟ್ಟಿಗೆ ಬಂದರೆ ಒಂದೋ ಅಕ್ಷರ ಕುಗ್ಗುತ್ತದೆ, ಇಲ್ಲವೇ ಪಟ್ಟಿ ಗುರಾಣಿಗಿಂತ ಅಗಲವಾಗಿ ಇಡೀ ಚಿತ್ರದ ತೂಕ ಕೆಳಗಿಳಿಯುತ್ತದೆ. ಬ್ರೂಸ್ ಮನೆತನದ ‘ಫುಇಮುಸ್’ ಆರೇ ಅಕ್ಷರ, ‘ನಾವಿದ್ದೆವು’ ಎಂಬಷ್ಟೇ ಅರ್ಥ. ಎಷ್ಟು ದೂರದಿಂದ ನೋಡಿದರೂ ಓದಬಹುದು.

ಪಟ್ಟಿಯ ಮಡಿಕೆ ಪದದ ನಡುವೆ ಬೀಳಬಾರದು. ಸಾಮಾನ್ಯವಾಗಿ ನಡುವಿನ ಭಾಗ ಎದುರಿಗೆ, ಎರಡು ಬದಿ ಓರೆಗೆ ಮಡಚಿರುತ್ತವೆ. ಅದಕ್ಕೇ ಮೂರು ಪದದ ವಾಕ್ಯ ಚೊಕ್ಕವಾಗಿ ಕೂರುತ್ತದೆ. ನಾಲ್ಕು ಪದವಿದ್ದರೆ ನಡುವಿನ ಭಾಗಕ್ಕೆ ಎರಡು ಚಿಕ್ಕ ಪದ ಬರುವಂತೆ ನೋಡಬೇಕು. ಹಳೆಯ ಶಾಸನಗಳ ಶೈಲಿ ಬೇಕೆಂದರೆ ‘ಯು’ ಬದಲು ‘ವಿ’, ‘ಜೆ’ ಬದಲು ‘ಐ’ ಹಾಕಿಸಬಹುದು. ಹಾಕಿಸಿದರೆ ಎಲ್ಲ ಕಡೆಯೂ ಹಾಕಿಸಬೇಕು. ಒಂದೇ ವಾಕ್ಯದಲ್ಲಿ ಒಂದು ‘ಯು’, ಒಂದು ‘ವಿ’ ಬಂದರೆ ಅದು ಶೈಲಿಯಾಗುವುದಿಲ್ಲ, ಅಜಾಗರೂಕತೆಯಾಗುತ್ತದೆ. ನಿಘಂಟಿನಲ್ಲಿ ದೀರ್ಘಸ್ವರದ ಮೇಲೆ ಕಾಣುವ ಅಡ್ಡಗೀಟು ಪಟ್ಟಿಯ ಮೇಲೆ ಬರಕೂಡದು.

ಪತ್ರ ಕೈಗೆ ಬಂದ ಮೇಲೆ ಹೆಚ್ಚಿನವರು ಮೊದಲು ಮಾಡಿಸುವುದು ಮುದ್ರೆಯುಂಗುರ. ಅಲ್ಲಿ ಲೆಕ್ಕ ಕಠಿಣ. 15 ಮಿಲಿಮೀಟರ್ ಎತ್ತರ, 13 ಮಿಲಿಮೀಟರ್ ಅಗಲದ ಅಂಡಾಕಾರದ ಮುಖದ ಸುತ್ತಳತೆ ಸುಮಾರು 44 ಮಿಲಿಮೀಟರ್. ಅಂಚು ಬಿಟ್ಟು ಒಳಗೆ ಅಕ್ಷರ ಸುತ್ತಿಸಿದರೆ 38 ಉಳಿಯುತ್ತದೆ. 21 ಅಕ್ಷರ, ನಡುವಿನ ಜಾಗ, ಆರಂಭದ ಗುರುತು ಸೇರಿ 25 ಪಾಲು ಮಾಡಿದರೆ ಒಂದೊಂದಕ್ಕೆ ಒಂದೂವರೆ ಮಿಲಿಮೀಟರ್. ಅಷ್ಟು ಸಣ್ಣ ಅಕ್ಷರದ ಗೀರುಗಳು ಅರಗಿನಲ್ಲಿ ಮುಚ್ಚಿಹೋಗುತ್ತವೆ, ಮುದ್ರೆ ಒತ್ತಿದರೆ ಬರೀ ಒರಟು ಉಂಗುರದ ಗುರುತು ಉಳಿಯುತ್ತದೆ. ಮುಖದ ಮೇಲೆ ಕ್ರೆಸ್ಟ್ ಮಾತ್ರ, ವಾಕ್ಯ ಉಂಗುರದ ಬಳೆಯ ಒಳಭಾಗಕ್ಕೆ: ಇದೇ ಸರಿಯಾದ ಹಂಚಿಕೆ. ಮುದ್ರೆ ಒತ್ತುವುದೇ ಉದ್ದೇಶವಾದರೆ ಮುಖದ ಕೆತ್ತನೆ ಕನ್ನಡಿಯ ಬಿಂಬದಂತೆ ತಿರುಗುಮುರುಗಾಗಿರಬೇಕು, ಒಳಭಾಗದ ವಾಕ್ಯ ನೇರವಾಗಿರಬೇಕು. ಎರಡನ್ನೂ ಆರ್ಡರ್ ಚೀಟಿಯಲ್ಲಿ ಬೇರೆಬೇರೆ ಬರೆಸಿ, ಕೆತ್ತುವ ಮುನ್ನ ಮೇಣದ ಅಚ್ಚು ಅಥವಾ ಕಾಗದದ ಮಾದರಿ ಕೇಳಿ ಪಡೆಯಿರಿ.

ಇನ್ನು ಅಂತರ್ಜಾಲದಲ್ಲಿ ‘ನಿಮ್ಮ ಉಪನಾಮದ ಲಾಂಛನ’ ಎಂದು ಚೌಕಟ್ಟು ಹಾಕಿ ಮಾರುವ ಅಂಗಡಿಗಳು. ಇಂಗ್ಲೆಂಡಿನಲ್ಲಾಗಲಿ ಸ್ಕಾಟ್ಲೆಂಡಿನಲ್ಲಾಗಲಿ ಉಪನಾಮಕ್ಕೆ ಲಾಂಛನವೇ ಇಲ್ಲ. ಅದು ಒಬ್ಬ ವ್ಯಕ್ತಿಗೆ ಮತ್ತು ಅವನ ವಾರಸುದಾರರಿಗೆ ಸಿಕ್ಕದ್ದು. ಚೌಕಟ್ಟಿನಲ್ಲಿರುವುದು ಅದೇ ಹೆಸರಿನ ಯಾರೋ ಒಬ್ಬನ ಗುರಾಣಿ. ವಾಕ್ಯವಾದರೂ ಆ ಗುರಾಣಿಯದೇ ಎಂಬ ಭರವಸೆ ಇಲ್ಲ. ಗೋಡೆಯ ಅಲಂಕಾರಕ್ಕೆಂದು ಕೊಂಡರೆ ಕೊಳ್ಳಿ, ಸ್ಕಾಟ್ಲೆಂಡಿನಲ್ಲಿ ಅದನ್ನು ತನ್ನದೆಂದು ಬಳಸಹೊರಟರೆ ಮೇಲೆ ಹೇಳಿದ ಕಾನೂನು ಎದುರಾಗುತ್ತದೆ.

ಲಂಡನ್ನಿಗೆ ಹೊರಟವರು ಮನವಿಗೆ ಸಹಿ ಹಾಕುವ ಮುನ್ನ ಹೆರಾಲ್ಡ್‌ರನ್ನು ಮೂರು ವಿಷಯ ಕೇಳಿ: ಲ್ಯಾಟಿನ್ ಪರಿಶೀಲನೆ ಯಾರು ಮಾಡುತ್ತಾರೆ, ಪಟ್ಟಿಯ ಕರಡನ್ನು ಚಿತ್ರದಿಂದ ಬೇರೆಯಾಗಿ ತೋರಿಸುತ್ತಾರೆಯೇ, ಮುಂದೆ ವಾಕ್ಯ ಬದಲಾದರೆ ಹೊಸ ಚಿತ್ರಕ್ಕೆ ಏನು ಶುಲ್ಕ. ಎಡಿನ್‌ಬರೊಗೆ ಹೊರಟವರು ಅರ್ಜಿಯಲ್ಲಿ ವಾಕ್ಯವನ್ನು ದೊಡ್ಡಕ್ಷರದಲ್ಲಿ ಟೈಪ್ ಮಾಡಿ, ಪಕ್ಕದಲ್ಲೇ ಉದ್ದೇಶಿಸಿದ ಅರ್ಥವನ್ನೂ ಬರೆಯಿರಿ. ಅರ್ಥ ಬರೆದಿದ್ದರೆ ವಿಭಕ್ತಿಯ ತಪ್ಪು ಓದುವವರ ಕಣ್ಣಿಗೆ ಕೂಡಲೇ ಬೀಳುತ್ತದೆ. ಬರೀ ಲ್ಯಾಟಿನ್ ಇದ್ದರೆ ಹಾಗೆಯೇ ದಾಟಿಹೋಗುವ ಸಂಭವ ಹೆಚ್ಚು.